ಚೌಕದ ಸಿಪಾಯಿಯ ತಲೆ

ಊರ ಚೌಕದಲ್ಲಿ ಕೈಚಾಚಿ ನಿಂತಿರುವ ಆ ಲೋಹದ ಸಿಪಾಯಿಯ ಮೈ ನನ್ನದು. ತಲೆ ನಮ್ಮ ಯಜಮಾನರ ಮಗನದು. ಅಲ್ಲಿ ಇರಬೇಕಾಗಿದ್ದವನು ನನ್ನ ಅಣ್ಣ. ಅವನನ್ನು ಅಲ್ಲಿಂದ ಹೇಗೆ ತೆಗೆದುಹಾಕಿದರು ಅನ್ನುವುದನ್ನು ಹೇಳುತ್ತೇನೆ. ಕೇಳಿ ಮರುಗಬೇಡಿ. ಮರುಗುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ನಾವು ತೊಗಲಿನವರು. ಊರಾಚೆ, ಮೋರಿ ದಾಟಿದ ಮೇಲೆ, ಯಜಮಾನರ ತೊಗಲ ಕಾರ್ಖಾನೆ. ಅದರ ಹಿಂದೆ ನಮ್ಮ ಕೇರಿ. ಹಸಿ ತೊಗಲು ಲಾರಿಯಲ್ಲಿ ಬರುತ್ತದೆ. ಅದನ್ನು ಇಳಿಸಬೇಕು, ತೊಳೆಯಬೇಕು, ಸುಣ್ಣದ ತೊಟ್ಟಿಯಲ್ಲಿ ಮುಳುಗಿಸಬೇಕು. ತೊಟ್ಟಿಗಿಳಿದು ತುಳಿಯಬೇಕು. ಕೂದಲು ಸಡಿಲವಾದ ಮೇಲೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೆರೆಯುವ ದಿಮ್ಮಿಯ ತನಕ ಒಯ್ಯಬೇಕು. ನೆನೆದ ತೊಗಲು ಹೆಣಭಾರ. ಹೊತ್ತು ಹೊತ್ತು ನಮ್ಮೆಲ್ಲರ ಎಡಹೆಗಲು ಬಲಹೆಗಲಿಗಿಂತ ಕೆಳಗೆ ಇಳಿದಿರುತ್ತದೆ. ಸುಣ್ಣ ಕೈಯನ್ನು ತಿನ್ನುತ್ತದೆ. ಬೆರಳ ಸಂದಿ ಬಿರಿಯುತ್ತದೆ, ಮಾಗುತ್ತದೆ, ಮತ್ತೆ ಬಿರಿಯುತ್ತದೆ. ಹೆಬ್ಬೆರಳ ಉಗುರು ನಡುವೆ ಸೀಳಿ ಹಾಗೇ ಗಟ್ಟಿಯಾಗುತ್ತದೆ. ಎಷ್ಟು ಸೋಪು ಉಜ್ಜಿದರೂ ವಾಸನೆ ಹೋಗುವುದಿಲ್ಲ. ಬಸ್ಸಿನಲ್ಲಿ ನಾವು ಕೂತರೆ ಪಕ್ಕದವರು ಎದ್ದು ನಿಲ್ಲುತ್ತಾರೆ. ಚೌಕದ ಟೀ ಅಂಗಡಿಯವನು ನಮಗೆ ಲೋಟ ಹೊರಗಿನ ಕಟ್ಟೆಯ ಮೇಲಿಡುತ್ತಾನೆ. ಆ ಟೀ ಕುಡಿದು ಬೆಳೆದವರೇ ನಾವೆಲ್ಲ.

ಯುದ್ಧ ಶುರುವಾದಾಗ ಯಜಮಾನರು ಕಾರ್ಖಾನೆಯ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು. ಗಟ್ಟಿಮುಟ್ಟಾದ ಹುಡುಗರು ಸೈನ್ಯಕ್ಕೆ ಸೇರಿ ಅಂದರು. ಯೂನಿಫಾರ್ಮ್ ಹಾಕಿದ ಮೇಲೆ ಕೇರಿ ಯಾವುದು, ಪೇಟೆ ಯಾವುದು, ಎಲ್ಲರೂ ಒಂದೇ ಅಂದರು. ಅಣ್ಣ ಆ ಮಾತಿಗೆ ಸೋತ. ಅವನಿಗೆ ಯುದ್ಧದ ಗೊಡವೆ ಇರಲಿಲ್ಲ. ಆ ವಾಸನೆಯಿಂದ ಆಚೆ ಹೋಗಬೇಕಿತ್ತು, ಅಷ್ಟೇ. ರಜೆಯಲ್ಲಿ ಒಂದೇ ಒಂದು ಸಲ ಬಂದಿದ್ದ. ಯೂನಿಫಾರ್ಮಿನಲ್ಲಿ ಟೀ ಅಂಗಡಿಗೆ ಹೋದವನಿಗೆ ಒಳಗೆ ಕುರ್ಚಿ ಎಳೆದು ಕೊಟ್ಟರಂತೆ. ಮಾರನೆಯ ದಿನ ಹಳೇ ಅಂಗಿ ಹಾಕಿಕೊಂಡು ಹೋದರೆ ಅದೇ ಮನುಷ್ಯ ಲೋಟವನ್ನು ಕಟ್ಟೆಯ ಮೇಲಿಟ್ಟ. ಅಣ್ಣ ಅದನ್ನು ಮನೆಯಲ್ಲಿ ಹೇಳಿ ಬಿದ್ದೂ ಬಿದ್ದೂ ನಕ್ಕ. ಅವ್ವ ನಗಲಿಲ್ಲ.

ಊರಿನಿಂದ ಹೋದವರಲ್ಲಿ ಮೊದಲು ಸತ್ತವನು ಅಣ್ಣ. ಗಾಯಗೊಂಡವರನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಹಾಕಿಕೊಂಡು ಹಿಂದಕ್ಕೆ ತರುತ್ತಿದ್ದನಂತೆ. ಹೊರುವುದು ಅವನಿಗೆ ಗೊತ್ತಿದ್ದ ಕೆಲಸ. ಮತ್ತೆ ಹೋದ ಜಾಗದಲ್ಲಿ ಫಿರಂಗಿ ಗುಂಡು ಬಿತ್ತು. ಹೂಳುವುದಕ್ಕೆ ಏನೂ ಸಿಗಲಿಲ್ಲ. ಬಂದದ್ದು ಸುದ್ದಿ ಮಾತ್ರ.

ಸುದ್ದಿ ಬಂದ ದಿನ ಊರಿಗೆ ಊರೇ ಮೋರಿಯ ತನಕ ಬಂದು ಘೋಷಣೆ ಕೂಗಿತು. ಮೋರಿ ದಾಟಿ ಬಂದವರು ಇಬ್ಬರೇ. ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡ ಯಜಮಾನರು, ಅವರ ಬೆನ್ನಿಗೆ ಶಾಲೆಯ ಹೆಡ್‌ಮಾಸ್ತರು. ಯಜಮಾನರು ನಮ್ಮ ಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಕೈ ಮುಗಿದರು. ಚೌಕದಲ್ಲಿ ಸ್ಮಾರಕ ಕಟ್ಟಿಸುತ್ತೇವೆ, ನಿನ್ನ ಮಗನದೇ ಪ್ರತಿಮೆ ನಿಲ್ಲಿಸುತ್ತೇವೆ ಅಂದರು. ಅವರು ಹೋದ ಮೇಲೆ ಅವ್ವ ನನ್ನನ್ನು ಕೇಳಿದಳು.

"ಮುಖಾನೂ ಮಾಡ್ತಾರೇನೋ?"

ಮಾಡುತ್ತಾರೆ ಅಂದೆ. ಅವಳಿಗೆ ಬೇಕಾದದ್ದು ಅದೊಂದೇ. ನಮ್ಮ ಮನೆಯಲ್ಲಿ ಅಣ್ಣನ ಒಂದು ಫೋಟೋ ಕೂಡ ಇರಲಿಲ್ಲ. ನಮ್ಮ ಕೇರಿಯಲ್ಲಿ ಯಾರ ಫೋಟೋವೂ ಇರಲಿಲ್ಲ.

ಹೀಗಾಗಿ ಶಿಲ್ಪಿ ನನ್ನನ್ನು ಕರೆಸಿದ. ಅಣ್ಣ ಮತ್ತೆ ನಾನು ಒಂದೇ ಅಚ್ಚು ಅಂತ ಕೇರಿಯಲ್ಲೆಲ್ಲ ಮಾತು. ಮೈಕಟ್ಟು ಅದೇ, ಹೆಗಲು ಅದೇ, ನಡಿಗೆ ಅದೇ. ಶಿಲ್ಪಿಯ ಶೆಡ್ಡು ಹಳೇ ಗೋದಾಮಿನಲ್ಲಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಅವನು ಕಿಟಕಿಗಳನ್ನೆಲ್ಲ ತೆಗೆದ. ಬೇಸರ ಮಾಡಿಕೋಬೇಡ, ನನ್ನ ಹೆಂಡತಿ ನನ್ನ ಬಣ್ಣದ ವಾಸನೆಗೂ ಹೀಗೇ ಮಾಡುತ್ತಾಳೆ ಅಂದ. ಆ ಮಾತಿಗೆ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ನಮ್ಮಂಥವರು ಎಷ್ಟು ಬೇಗ ಕರಗಿಬಿಡುತ್ತೇವೆ ನೋಡಿ.

ಬಲಗೈ ಮುಂದಕ್ಕೆ ಚಾಚಿ, ಎಡಗೈಯಲ್ಲಿ ಬಂದೂಕಿನ ಬದಲು ಒಂದು ದೊಣ್ಣೆ ಹಿಡಿದು ನಿಲ್ಲಬೇಕು. ಅಲುಗುವ ಹಾಗಿಲ್ಲ. ತೊಗಲು ಹೊರುವುದೇ ಸುಖ ಅನ್ನಿಸಿತು. ಚಾಚಿದ ತೋಳು ಮೊದಲು ನಡುಗುತ್ತದೆ, ಆಮೇಲೆ ಉರಿಯುತ್ತದೆ, ಆಮೇಲೆ ಯಾರದೋ ತೋಳು ಅನ್ನಿಸುತ್ತದೆ. ಬೆನ್ನಹುರಿಯಲ್ಲಿ ಬೆವರು ಇಳಿಯುತ್ತಿದ್ದರೆ ಒರೆಸಿಕೊಳ್ಳುವ ಹಾಗಿಲ್ಲ. ಸಾಕಪ್ಪಾ ಅಂತ ಬಾಯಿಗೆ ಬಂದಾಗಲೆಲ್ಲ ಅಣ್ಣ ಕೊನೆಗೆ ಹೊತ್ತವರನ್ನು ನೆನೆಸಿಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ಆ ದಿನಗಳ ಕೂಲಿ ಹಿಡಿದರು. ಅಣ್ಣನಿಗಾಗಿ ತಾನೇ ಅಂತ ಸುಮ್ಮನಾದೆ.

ಕೈಗಳಿಗೆ ಶಿಲ್ಪಿ ನೇರವಾಗಿ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಬಿರಿದ ಸಂದಿಗಳಿಗೆ ಆ ಬಿಸಿ ಇಳಿದಾಗ ಕಣ್ಣಲ್ಲಿ ನೀರು ಬಂತು. ಅಚ್ಚು ಬಿಡಿಸಿದಾಗ ಒಳಗೆ ನನ್ನ ಒಂದೊಂದು ಬಿರುಕೂ ಮೂಡಿತ್ತು. ಸೀಳಿದ ಉಗುರೂ ಇತ್ತು. ಶಿಲ್ಪಿಗೆ ಖುಷಿಯೋ ಖುಷಿ. ಇಂಥ ಕೈಯನ್ನು ಕೂತು ಕೆತ್ತಿದರೂ ಬರುವುದಿಲ್ಲ ಅಂದ.

ಮುಖವನ್ನು ಮಾತ್ರ ಜೇಡಿಮಣ್ಣಿನಲ್ಲಿ ಮಾಡಿದ. ಅವ್ವನನ್ನು ಕರೆದುಕೊಂಡು ಬಾ ಅಂದ. ಅವ್ವ ದಿಮ್ಮಿಯ ಕೆಲಸ ಮುಗಿಸಿ, ಕೈಕಾಲು ತಿಕ್ಕಿ ತೊಳೆದುಕೊಂಡು, ಒಗೆದ ಸೀರೆ ಉಟ್ಟು ಬಂದಳು. ಮಣ್ಣಿನ ತಲೆಯ ಮುಂದೆ ಕೂತಳು. ಮೊದಲ ದಿನ ಬರೀ ನೋಡಿ ಹೋದಳು. ಮಾರನೆಯ ಸಂಜೆ ಹಣೆ ಇನ್ನೂ ಅಗಲ ಅಂದಳು. ಎಡಹುಬ್ಬಿನ ಹತ್ತಿರ ಚಿಕ್ಕಂದಿನಲ್ಲಿ ಬಿದ್ದು ಆದ ಗಾಯದ ಗುರುತು ಇತ್ತು ಅಂದಳು. ಕೆಳತುಟಿ ದಪ್ಪ, ಸಿಟ್ಟು ಬಂದವನ ಹಾಗೆ ಕಾಣುತ್ತಿತ್ತು, ಆದರೆ ಸಿಟ್ಟಲ್ಲ ಅಂದಳು. ಶಿಲ್ಪಿ ಅವಳು ಹೇಳಿದ ಹಾಗೆ ತಿದ್ದಿದ. ಸರಿಹೋಗಲಿಲ್ಲ. ಕೊನೆಗೆ ಅವ್ವನ ಕೈಗೇ ಮಣ್ಣು ಕೊಟ್ಟ. ಅವ್ವ ಹೆಬ್ಬೆರಳಲ್ಲಿ ಒತ್ತಿದಳು, ಸವರಿದಳು, ಮತ್ತೆ ಒತ್ತಿದಳು. ತೊಗಲಿನ ಮೇಲೆ ಕತ್ತಿ ಆಡಿಸಿ ಮೊಂಡಾದ ಬೆರಳುಗಳವು. ನಾಲ್ಕಾರು ಸಂಜೆ ಹೀಗೇ ನಡೆಯಿತು. ಒಂದು ಸಂಜೆ ಕೈ ತೆಗೆದು ಹಿಂದಕ್ಕೆ ಸರಿದು ನೋಡಿದಳು.

"ಬಂದ ನೋಡು," ಅಂದಳು.

ಬಂದಿದ್ದ. ಸೋದರತ್ತೆಯನ್ನು ಕರೆತಂದೆವು. ಅವಳು ಬಾಗಿಲಲ್ಲೇ ಕುಸಿದು ಕೂತಳು. ಕೇರಿಯವರು ಗುಂಪು ಗುಂಪಾಗಿ ಬಂದು ನೋಡಿಹೋದರು. ಎಲ್ಲ ಕಿಟಕಿ ತೆಗೆದರೂ ಶೆಡ್ಡಿನಲ್ಲಿ ನಮ್ಮ ವಾಸನೆ. ಶಿಲ್ಪಿ ಏನೂ ಅನ್ನಲಿಲ್ಲ. ಇನ್ನು ಎರಕ ಹೊಯ್ಯಲು ದೂರದ ಕಾರ್ಖಾನೆಗೆ ಕಳಿಸುತ್ತೇನೆ, ನೀವು ನಿಶ್ಚಿಂತೆಯಿಂದಿರಿ ಅಂದ. ನಾವು ನಿಶ್ಚಿಂತೆಯಿಂದ ಇದ್ದೆವು.

ಆ ನಡುವೆ ಯಜಮಾನರ ಮಗ ಸತ್ತ. ಅವನು ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಜೀಪು ಮಗುಚಿ ಸತ್ತನಂತೆ. ಸತ್ತವನ ಮೇಲೆ ನನಗೆ ಜಗಳವಿಲ್ಲ. ಅವನೂ ತಾಯಿ ಹೆತ್ತ ಮಗನೇ. ನಾವೆಲ್ಲ ಕೆಲಸ ಬಿಟ್ಟು ಅವರ ಮನೆಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ಅವ್ವ ಅಮ್ಮಾವ್ರಿಗಾಗಿ, ಅಂದರೆ ಯಜಮಾನರ ಹೆಂಡತಿಗಾಗಿ, ನಿಜವಾಗಿ ಅತ್ತಳು. ಆ ನೋವು ನನಗೆ ಗೊತ್ತು ಅಂದಳು.

ಪ್ರತಿಮೆ ಲಾರಿಯಲ್ಲಿ ಬಂತು. ಇಳಿಸಲು ನಮ್ಮನ್ನೇ ಕರೆದರು. ಭಾರದ ಕೆಲಸವಿದ್ದಾಗ ನಮ್ಮ ವಾಸನೆ ಯಾರಿಗೂ ಅಡ್ಡ ಬರುವುದಿಲ್ಲ. ಅಡಿಯಿಂದ ಮುಡಿಯವರೆಗೆ ಗೋಣಿ ಸುತ್ತಿ ಹಗ್ಗ ಬಿಗಿದಿದ್ದರು. ಹೆಗಲಿಗೆ ಹಗ್ಗ ಕೊಟ್ಟು ಕಟ್ಟೆಯ ಮೇಲೆ ಎಳೆದು ನಿಲ್ಲಿಸಿದೆವು. ಗೋಣಿಯ ಸೀಳಿನಲ್ಲಿ ಬೆರಳು ತೂರಿಸಿ ಕೈಯನ್ನು ಮುಟ್ಟಿ ನೋಡಿದೆ. ಸೀಳಿದ ಉಗುರು ಸಿಕ್ಕಿತು. ಓಡುತ್ತಾ ಮನೆಗೆ ಹೋಗಿ, ಅಣ್ಣ ಬಂದಿದ್ದಾನೆ, ನಿಲ್ಲಿಸಿ ಬಂದೆ ಅಂತ ಅವ್ವನಿಗೆ ಹೇಳಿದೆ.

ಅನಾವರಣದ ಬೆಳಿಗ್ಗೆ ಅವ್ವ ಎಲ್ಲರಿಗಿಂತ ಮೊದಲು ಎದ್ದಿದ್ದಳು. ಮುಂದಿನ ಸಾಲಿನಲ್ಲಿ ಅವಳಿಗೆ ಕುರ್ಚಿ ಅಂತ ಹೆಡ್‌ಮಾಸ್ತರು ಹೇಳಿಕಳಿಸಿದ್ದರು. ಚೌಕಕ್ಕೆ ಹೋದರೆ ಬಿಲ್ಲೆ ಧರಿಸಿದ ಒಬ್ಬ ಸ್ವಯಂಸೇವಕ ಅಡ್ಡ ಬಂದ. ಗಣ್ಯರು ಬಂದಿದ್ದಾರೆ, ಸ್ವಲ್ಪ ಹಿಂದೆ ಇರಿ, ಆಮೇಲೆ ಕರೆಯುತ್ತಾರೆ ಅಂದ. ಅವನು ತೋರಿಸಿದ್ದು ಮೂತ್ರಾಲಯದ ಗೋಡೆಯ ಪಕ್ಕ. ಅಲ್ಲಿ ನಮ್ಮ ವಾಸನೆ ಯಾರಿಗೂ ಗೊತ್ತಾಗದು ಅನ್ನುವ ಲೆಕ್ಕ ಇರಬೇಕು. ಕೇರಿಯೆಲ್ಲ ಅಲ್ಲಿ ನಿಂತಿತು. ಅವ್ವ ಹೆಂಗಸರ ಹೆಗಲ ನಡುವೆ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಯಾರೋ ದೊಡ್ಡವರು ದಾರ ಎಳೆದರು. ಬಟ್ಟೆ ಜಾರಿತು. ಬ್ಯಾಂಡು ಬಾರಿಸಿತು. ಊರು ಚಪ್ಪಾಳೆ ತಟ್ಟಿತು.

ಚೂಪು ಮೂಗು. ತೆಳು ತುಟಿ. ಒಪ್ಪವಾಗಿ ಕತ್ತರಿಸಿದ ಮೀಸೆ. ಯಜಮಾನರ ಮಗ.

ಅವ್ವ ನನ್ನ ಅಂಗಿ ಹಿಡಿದು ಜಗ್ಗಿದಳು.

"ಅಲ್ಲಿ ಬೇರೆ ಯಾರೋ ಇದಾರಲ್ಲೋ," ಅಂದಳು.

ಜಾಗ ತಪ್ಪಿರಬೇಕು, ನಮ್ಮವನನ್ನು ಇನ್ನೆಲ್ಲೋ ನಿಲ್ಲಿಸಿರಬೇಕು ಅನ್ನುವ ಹಾಗಿತ್ತು ಅವಳ ದನಿ. ಹೆಡ್‌ಮಾಸ್ತರು ಮೈಕಿನಲ್ಲಿ, ಇದು ಒಬ್ಬ ವ್ಯಕ್ತಿಯ ಪ್ರತಿಮೆಯಲ್ಲ, ನಾಡಿಗಾಗಿ ಮಡಿದ ಎಲ್ಲ ಯೋಧರ ಸಂಕೇತ ಅನ್ನುತ್ತಿದ್ದರು. ಕಟ್ಟೆಯ ಕಲ್ಲಿನ ಮೇಲೆ 'ವೀರಯೋಧ' ಅಂತ ಮಾತ್ರ ಕೆತ್ತಿದ್ದರು. ಎಲ್ಲ ಯೋಧರಿಗೂ ಸೇರಿದ ಮುಖವಂತೆ. ಅದು ಹೇಗೋ ಯಜಮಾನರ ಮನೆಯ ಮುಖವೇ ಆಗಿಬಿಟ್ಟಿತ್ತು. ನಂಬಿಸಿ ಕತ್ತು ಕೊಯ್ಯುವುದು ಅಂತ ಮಾತಿಗೆ ಹೇಳುತ್ತಾರೆ. ನಮ್ಮ ಮಟ್ಟಿಗೆ ಅದು ಬರೀ ಮಾತಾಗಿ ಉಳಿಯಲಿಲ್ಲ.

ಅವ್ವನನ್ನು ಆಮೇಲೆ ಯಾರೂ ಕರೆಯಲಿಲ್ಲ.

ನಾನು ನೇರ ಶಿಲ್ಪಿಯ ಶೆಡ್ಡಿಗೆ ಹೋದೆ. ಅವನು ನನ್ನ ಮುಖ ನೋಡಲಾರದೆ ಉಳಿಗಳನ್ನು ಒರೆಸುತ್ತಾ ಕೂತ. ತಲೆಯನ್ನು ಬೇರೆಯಾಗೇ ಎರಕ ಹೊಯ್ದು ಕಾಲರಿನ ಒಳಗೆ ಕೂರಿಸುತ್ತಾರಂತೆ. ಮೈ ಎರಕವಾದ ಮೇಲೆ ಯಜಮಾನರು ಮಗನ ಫೋಟೋ ಹಿಡಿದು ಬಂದರಂತೆ. ಕೊಡುವವರು ಅವರು, ನಾನು ಏನು ಮಾಡಲಿ ಅಂದ. ಆಯಿತು, ನಮ್ಮ ಅಣ್ಣನ ತಲೆ ಕೊಡು, ಮಣ್ಣಿನದೇ ಸಾಕು, ಮನೆಯಲ್ಲಿಟ್ಟುಕೊಳ್ಳುತ್ತೇವೆ ಅಂತ ಕೇಳಿದೆ. ಅವನು ಉಳಿ ಕೆಳಗಿಟ್ಟ.

"ಇಲ್ಲಪ್ಪ. ಅದೇ ಮಣ್ಣು ಕಲಸಿ ಚಿಕ್ಕ ಯಜಮಾನರ ಮುಖ ಮಾಡಿದೆ."

ಕೇಳಿದ ಮೇಲೆ ನನ್ನ ಕಾಲು ಅವನ ಬೆಂಚನ್ನು ಒದ್ದಿತು. ಉಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವನು ತಡೆಯಲಿಲ್ಲ. ನನ್ನವ್ವ ಬೆರಳಲ್ಲಿ ಒತ್ತಿ ತಂದ ಮುಖಕ್ಕೆ ನೀರು ಹಾಕಿ ಕಲಸಿದ್ದರು. ಅಣ್ಣ ಅಲ್ಲಿ ಗುಂಡಿಗೆ ಒಂದು ಸಲ ಸತ್ತ. ಇಲ್ಲಿ ಇನ್ನೊಂದು ಸಲ.

ಯಜಮಾನರ ಕಚೇರಿಗೂ ಹೋದೆ. ಒಳಗೆ ಬಿಟ್ಟರು, ಆದರೆ ಬಾಗಿಲ ಹತ್ತಿರವೇ ನಿಲ್ಲಿಸಿದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಪ್ರತಿಮೆಗೆ ದುಡ್ಡು ಕೊಟ್ಟವರು ಯಾರು, ಜಾಗ ಬಿಡಿಸಿಕೊಟ್ಟವರು ಯಾರು ಅಂತ ಮೆತ್ತಗೆ ಕೇಳಿದರು. ತಾನೂ ಮಗನನ್ನು ಕಳೆದುಕೊಂಡ ತಂದೆ ಅಂದರು. ಆ ದುಃಖ ಸುಳ್ಳಲ್ಲ. ಆಮೇಲೆ ಹೇಳಿದರು.

"ಕತ್ತಿಂದ ಕೆಳಗೆ ಎಲ್ಲಾ ನಿಮ್ಮವನೇ ಅಲ್ವೇನೋ? ನಿಮಗೆ ಅಷ್ಟು ಸಾಲದಾ?"

ಹೊಟ್ಟೆಪಾಡು ಬಾಯಿಗೆ ಬೀಗ ಹಾಕಿತ್ತು. ಮತ್ತೆ ಹೋಗಿ ತೊಟ್ಟಿಗೆ ಇಳಿದೆ. ಅವರು ಹೇಳಿದ್ದು ಹೊಸ ಮಾತೇನೂ ಅಲ್ಲ ಅಂತ ತುಳಿಯುತ್ತಾ ತುಳಿಯುತ್ತಾ ತಿಳಿಯಿತು. ಕತ್ತಿನಿಂದ ಕೆಳಗೆ ನಾವು ಅವರಿಗೆ ಯಾವತ್ತೂ ಬೇಕು.

ಅವ್ವ ಚೌಕದ ದಾರಿ ಬಿಟ್ಟಳು. ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಮಾತು ಕಡಿಮೆಯಾಯಿತು. ದಿಮ್ಮಿಯ ಮುಂದೆ ಕೂತು ಹೆರೆಯುವಾಗ ಕೈ ನಿಂತುಬಿಡುತ್ತಿತ್ತು. ಮೇಸ್ತ್ರಿ ಗದರುತ್ತಿದ್ದ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ನನ್ನ ಹತ್ತಿರ ಬಂದು ಕೂತಳು.

"ಅವನ ಮುಖ ಹೋಗ್ತಾ ಇದೆ ಕಣೋ," ಅಂದಳು. "ಹಣೆ ಬಂದ್ರೆ ಬಾಯಿ ಬರಲ್ಲ. ಬಾಯಿ ಬಂದ್ರೆ ಕಣ್ಣು ಬರಲ್ಲ. ನೆನಪಲ್ಲಿ ಇದ್ದಿದ್ದನ್ನೆಲ್ಲ ಆ ಮಣ್ಣಿಗೆ ಕೊಟ್ಟುಬಿಟ್ಟೆ. ಇನ್ನು ಅದು ನೋಡ್ಕೊಳ್ಳುತ್ತೆ ಅಂತ ಬಿಟ್ಟುಬಿಟ್ಟೆ."

ನಿನ್ನ ಕಣ್ಣ ಮುಂದೆ ನಾನಿಲ್ಲವೇ, ನಾವಿಬ್ಬರೂ ಒಂದೇ ಅಚ್ಚಲ್ಲವೇ ಅಂದೆ. ಅವಳು ನನ್ನನ್ನು ನೋಡಿ ತಲೆ ಆಡಿಸಿದಳು. ಅಲ್ಲ ಅಂತ.

ಊರಿನವರು ಮಾತ್ರ ಪ್ರತಿಮೆಯನ್ನು ಚೆನ್ನಾಗಿ ನೋಡಿಕೊಂಡರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಸೆಲ್ಯೂಟ್ ಹೊಡೆಸಿದರು. ಮದುವೆಯಾದವರು ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹುತಾತ್ಮನ ತಾಯಿ ಅಂದರೆ ಅಮ್ಮಾವ್ರು ಅಂತ ಆಯಿತು. ವರ್ಷಕ್ಕೊಮ್ಮೆ, ಅನಾವರಣವಾದ ದಿನ, ಅವರ ಕೈಯಿಂದಲೇ ಪ್ರತಿಮೆಗೆ ಹಾರ ಅಂತ ಸ್ಮಾರಕದ ಸಮಿತಿ ತೀರ್ಮಾನಿಸಿತು.

ವರ್ಷ ತುಂಬುತ್ತಾ ಬಂದಾಗ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು ಒಂದು ಅರ ಕೊಟ್ಟ. ಕಬ್ಬಿಣ ಉಜ್ಜುವ ಅರ. ಅಮ್ಮಾವ್ರು ಒಂದು ಸಂಜೆ ಚೌಕಕ್ಕೆ ಹೋಗಿ ಪ್ರತಿಮೆಯ ಕೈ ಹಿಡಿದು ನೋಡಿದರಂತೆ. ಇದು ನನ್ನ ಮಗನ ಕೈಯಲ್ಲ ಅಂತ ಮನೆಗೆ ಬಂದು ಹಾಸಿಗೆ ಹಿಡಿದರಂತೆ. ಅವರ ಮಗನದು ಪೆನ್ನು ಹಿಡಿದ ಕೈ. ಹಾರ ಹಾಕುವುದರೊಳಗೆ ಆ ಬಿರುಕುಗಳನ್ನೆಲ್ಲ ಉಜ್ಜಿ, ಉಗುರನ್ನು ಸಾಪು ಮಾಡಿ, ನುಣ್ಣಗೆ ಮಾಡಬೇಕು. ಎಲ್ಲೆಲ್ಲಿ ಏನೇನಿದೆ ಅನ್ನುವುದು ನಿನಗೇ ಗೊತ್ತಲ್ಲ, ನಿನ್ನದೇ ಕೈ, ನೀನೇ ಮಾಡು ಅಂತ ಯಜಮಾನರ ಅಪ್ಪಣೆ ಅಂದ. ಹೇಳುವಾಗ ಮೇಸ್ತ್ರಿಗೇ ನಾಚಿಕೆಯಾಗಿರಬೇಕು. ನೆಲ ನೋಡುತ್ತಿದ್ದ.

ಅರ ತಂದು ಮನೆಯ ಗೂಡಿನಲ್ಲಿಟ್ಟೆ. ಅವ್ವ ಇದೇನು ಅಂದಳು. ಹೇಳಿದೆ. ಅವಳು ಅರವನ್ನು ತೆಗೆದು ತಿರುಗಿಸಿ ನೋಡಿ ಮತ್ತೆ ಅಲ್ಲೇ ಇಟ್ಟಳು.

"ಮುಖ ತಗೊಂಡ್ರು. ಈಗ ಕೈನೂ ಬೇಕಂತಾ?"

ನಾನು ಉಜ್ಜುವುದಿಲ್ಲ, ಕೆಲಸ ಹೋದರೆ ಹೋಗಲಿ ಅಂದೆ. ನೀನು ಉಜ್ಜದಿದ್ದರೆ ಇನ್ನೊಬ್ಬನಿಗೆ ಅರ ಕೊಡುತ್ತಾರೆ ಅಂದಳು. ಅದು ನಿಜ. ಹಾರದ ದಿನ ಬೆಳಿಗ್ಗೆ ಏಣಿ ತೆಗೆದುಕೊಂಡು ನಡಿ, ನಾನೂ ಬರುತ್ತೇನೆ ಅಂದಳು.

ಆ ಬೆಳಿಗ್ಗೆ ಅರವನ್ನು ಜೇಬಿಗೆ ಹಾಕಿಕೊಂಡು, ನಮ್ಮ ಮನೆಯ ಬಿದಿರೇಣಿ ಹೊತ್ತು ಚೌಕಕ್ಕೆ ಹೋದೆ. ಕುರ್ಚಿ ಹಾಕುವವರು, ಮೈಕಿನವನು, ಬಂದೋಬಸ್ತಿಗೆ ಬಂದ ಇಬ್ಬರು ಪೊಲೀಸರು, ಇಷ್ಟೇ ಜನ. ಏಣಿಯನ್ನು ಕಟ್ಟೆಗೆ ಆನಿಸಿದೆ. ಹಿಂದಿನಿಂದ ಅವ್ವ ಬಂದಳು. ಜೊತೆಗೆ ಸೋದರತ್ತೆ, ದಿಮ್ಮಿಯ ಹೆಂಗಸರೆಲ್ಲ. ಅವ್ವನ ಹೆಗಲ ಮೇಲೆ ಒಂದು ಆಡಿನ ತೊಗಲಿತ್ತು. ಸುಣ್ಣದಲ್ಲಿ ನೆನೆದು, ಕೂದಲು ಹೆರೆದು, ತೊಳೆದು ತೆಗೆದ ಹಸಿ ತೊಗಲು. ನೀರು ತೊಟ್ಟಿಕ್ಕುತ್ತಿತ್ತು. ಕುರ್ಚಿ ಹಾಕುವವರು ಮೂಗು ಹಿಡಿದು ದೂರ ಸರಿದರು. ಹೀಗಾಗಿ ಅವಳನ್ನು ಯಾರೂ ತಡೆಯಲಿಲ್ಲ.

ಏಣಿಯನ್ನು ಗಟ್ಟಿಯಾಗಿ ಹಿಡಿದುಕೋ ಅಂದಳು. ಹಿಡಿದೆ. ಹತ್ತಿದಳು. ಜೀವಮಾನವೆಲ್ಲ ಭಾರ ಎತ್ತಿದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಏರಿ, ಆ ಚೂಪು ಮೂಗು, ತೆಳು ತುಟಿಯ ಎದುರು ನಿಂತಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಹೊಡೆಯಲಿಲ್ಲ. ತೊಗಲನ್ನು ಬಿಡಿಸಿ ಅವನ ತಲೆಯ ಮೇಲೆ ಹಾಕಿದಳು. ಮುಖದ ಮೇಲೆ ಎಳೆದು, ಕಿವಿಯ ಹಿಂದೆ ಮಡಚಿ, ಕಾಲರಿನ ಹತ್ತಿರ ತೊಗಲಿನ ಬಾರಿನಿಂದ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಮಗುವಿಗೆ ಚಳಿಗೆ ಟೋಪಿ ಕಟ್ಟುವ ಹಾಗೆ ನಿಧಾನವಾಗಿ ಕಟ್ಟಿದಳು. ಇಳಿದು ಬಂದು, ಹಿಂದಕ್ಕೆ ಸರಿದು ನೋಡಿದಳು.

ನಾನೂ ನೋಡಿದೆ. ಆ ಮುಖ ಮರೆಯಾದ ಮೇಲೆ ಉಳಿದದ್ದು ಇಳಿದ ಎಡಹೆಗಲು, ಚಾಚಿದ ತೋಳು, ಬಿರಿದ ಕೈ. ನಾನೇ ನಿಂತು ಅಚ್ಚು ಕೊಟ್ಟ ಮೈ. ಆದರೂ ಆ ಹೊತ್ತಿಗೆ ಅದು ನಾನು ಅನ್ನಿಸಲಿಲ್ಲ. ಸೋದರತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಣ್ಣನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಲ್ಲಿ ಕರೆದಳು. ಹೆಂಗಸರು ಒಬ್ಬೊಬ್ಬರಾಗಿ ಅಳತೊಡಗಿದರು. ಆವತ್ತಿನವರೆಗೆ ನಮ್ಮ ಕೇರಿ ಅವನಿಗಾಗಿ ಒಟ್ಟಿಗೆ ನಿಂತು ಅತ್ತಿರಲಿಲ್ಲ.

ಬಿಸಿಲು ಏರಿತು. ಜನ ಸೇರಿದರು. ಬ್ಯಾಂಡಿನವರು ಬಂದು ವಾದ್ಯ ಕೆಳಗಿಟ್ಟು ನಿಂತರು. ಹೆಡ್‌ಮಾಸ್ತರು ಓಡಿಬಂದು ನೋಡಿ ತಲೆಗೆ ಕೈ ಹೊತ್ತರು. ಪೊಲೀಸರಿಗೆ ತೆಗೆಸಿ ಅಂದರು. ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿ, ಬಂದೋಬಸ್ತು ಬಿಟ್ಟು ಬೇರೆ ಕೆಲಸಕ್ಕೆ ನಮಗೆ ಆರ್ಡರ್ ಇಲ್ಲ ಅಂದರು. ಕುರ್ಚಿಯವರು ಕೆಮ್ಮಿದರು. ಹಸಿ ತೊಗಲು ಮುಟ್ಟುವುದು ನಮ್ಮ ಪಾಲಿಗೆ ಬಿಟ್ಟ ಕೆಲಸ. ಹಾಗಂತ ಗೆರೆ ಎಳೆದವರು ಅವರೇ. ಅವತ್ತು ಆ ಗೆರೆ ಅವರ ಕಾಲಿಗೇ ಸಿಕ್ಕಿಕೊಂಡಿತು.

ಹದ ಮಾಡದ ಹಸಿ ತೊಗಲು ಬಿಸಿಲಿಗೆ ಒಣಗಿದರೆ ಸೆಟೆದುಕೊಂಡು ಕಲ್ಲಿನಂತಾಗುತ್ತದೆ. ಆಮೇಲೆ ಗಂಟು ಬಿಚ್ಚುವ ಹಾಗಿಲ್ಲ, ಕತ್ತಿಯಿಂದ ಕಡಿಯಬೇಕು. ಬೇಗ ತೆಗೆದರೆ ಸುಲಭ ಅಂತ ಮೇಸ್ತ್ರಿ ಹೋಗಿ ಹೆಡ್‌ಮಾಸ್ತರಿಗೆ ಹೇಳಿದ. ಅಷ್ಟು ಹೊತ್ತಿಗೆ ಯಜಮಾನರ ಕಾರು ಬಂದಿತ್ತು. ಅಮ್ಮಾವ್ರು ಹಾರ ಹಿಡಿದು ಇಳಿದರು. ಯಜಮಾನರು ಮೇಲೆ ನೋಡಿದರು. ಮುಖ ಕಪ್ಪಿಟ್ಟಿತು. ತೆಗಿ ಅಂತ ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿಯೂ ನಮ್ಮ ಕೇರಿಯವನೇ. ಹೂಂ ಅಂದ, ಆದರೆ ಹೆಜ್ಜೆ ಕಿತ್ತಿಡಲಿಲ್ಲ. ಸೋದರತ್ತೆಯ ಗಂಡನಿಗೆ ಹೇಳಿದರು. ಅವನು ಮಂಡಿನೋವು ಅಂದ. ಹೆಂಗಸರಿಗೆ ಹೇಳಿದರು. ಅವರು ಅಳು ನಿಲ್ಲಿಸಿ ಸುಮ್ಮನೆ ನೋಡಿದರು. ಕೊನೆಗೆ ಯಜಮಾನರು ನನ್ನ ಹತ್ತಿರ ಬಂದರು.

"ಹತ್ತೋ. ಇಲ್ಲ ಅಂದ್ರೆ ನಾಳೆಯಿಂದ ಕಾರ್ಖಾನೆ ಕಡೆ ತಲೆ ಹಾಕ್ಬೇಡ. ನಿಮ್ಮ ಕೇರಿ ಪೂರ್ತಿ."

ಜೇಬಿನಲ್ಲಿದ್ದ ಅರ ತೆಗೆದು ಅವರ ಕೈಗೆ ಕೊಟ್ಟೆ. "ಮಾಡಲ್ಲ ಯಜಮಾನ್ರೇ," ಅಂದೆ. ಧೈರ್ಯ ಬಂದು ಹೇಳಿದ್ದಲ್ಲ. ಬೇರೆ ಮಾತು ಬಾಯಿಗೆ ಬರಲಿಲ್ಲ.

ಆಗ ಅಮ್ಮಾವ್ರು ಮುಂದೆ ಬಂದರು. ಅವ್ವನಿಂದ ಸ್ವಲ್ಪ ದೂರದಲ್ಲಿ ನಿಂತರು. ಮೂಗು ಮುಚ್ಚಿಕೊಂಡಿರಲಿಲ್ಲ.

"ನೀನೂ ತಾಯಿ," ಅಂದರು. "ಅವನ ಮುಖ ಹಾಗೆ ಮುಚ್ಚಿದ್ರೆ ನನ್ನ ಕೈಲಿ ನೋಡೋಕಾಗಲ್ಲ. ಉಸಿರು ಕಟ್ಟಿದ ಹಾಗಾಗುತ್ತೆ. ತೆಗೆಸು, ನಿನ್ನ ಕಾಲಿಗೆ ಬೀಳ್ತೀನಿ."

ಅವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಒಂದು ಗಳಿಗೆ ತೆಗೆಸಿಬಿಡುತ್ತಾಳೆ ಅಂತ ನನಗೇ ಅನ್ನಿಸಿತು.

"ನಾನು ನಿಮ್ಮವನ ಮುಖ ಮುಚ್ಚಿದೀನಿ ಅಷ್ಟೇ ಅಮ್ಮಾವ್ರೇ," ಅಂದಳು. "ಅದು ಒಳಗೆ ಇದೆ. ನಿಮ್ಮೋರು ನನ್ನವನ ಮುಖ ಕಲಸೇ ಹಾಕಿದ್ರು. ನಾನು ಏನು ತೆಗೆದು ನೋಡ್ಲಿ?"

ಅಮ್ಮಾವ್ರು ಗಂಡನ ಕಡೆ ತಿರುಗಿದರು. ಇದು ನಿಜವೇ ಅಂತ ಕೇಳಿದರು. ಅವರಿಗೆ ಗೊತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಯಜಮಾನರು ಕೋಟು ಬಿಚ್ಚಿ ಹೆಡ್‌ಮಾಸ್ತರ ಕೈಗೆ ಕೊಟ್ಟು, ತೋಳು ಮಡಚಿಕೊಂಡು ಏಣಿಯ ಹತ್ತಿರ ಬಂದರು. ಒಂದು ಮೆಟ್ಟಿಲು ಹತ್ತಿದರು. ವಾಸನೆ ಬಡಿಯಿತು. ಬಾಯಿಗೆ ಕೈ ಅಡ್ಡ ಹಿಡಿದು ಕೆಳಗಿಳಿದರು. ಅಪ್ಪನ ಕಾಲದಿಂದ ಇದೇ ತೊಗಲಿನಲ್ಲಿ ಬಂಗಲೆ ಕಟ್ಟಿದ ಮನುಷ್ಯ.

ಅವ್ವ ಹೆಂಗಸರನ್ನು ಕರೆದುಕೊಂಡು ಆಗಲೇ ಕೇರಿಯ ದಾರಿ ಹಿಡಿದಿದ್ದಳು. ಯಜಮಾನರು ಮತ್ತೊಮ್ಮೆ ಹತ್ತಲು ಏಣಿಯ ಕಡೆ ಕೈ ಚಾಚಿದರು. ಅದು ನಮ್ಮ ಮನೆಯ ಏಣಿ. ನಾನು ಅದನ್ನು ಕಟ್ಟೆಯಿಂದ ತೆಗೆದು, ಹೆಗಲಿಗೆ ಹಾಕಿಕೊಂಡು, ಅವ್ವನ ಹಿಂದೆ ಕೇರಿಯ ಕಡೆ ನಡೆದೆ.